ಅಣ್ಣನ ರಾಜ್ಯದ ಮನೆತನಗಳು

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಲ್ಪನಿಕ ರಾಜ್ಯದ ಹೊಸ ಕಾದಂಬರಿಗೆ ನೀನು ಕೇಳಿದ್ದ ಮನೆತನಗಳ ಹೆಸರುಗಳು ಸಿದ್ಧವಾಗಿವೆ. ಹಿಂದಿನ ಕಾಲದಲ್ಲಿ ಅರಸರು ಕೊಟ್ಟ ಬಿರುದೋ, ಕಾಯ್ದ ಕೋಟೆಯೋ ಮನೆತನದ ಹೆಸರಾಗುತ್ತಿತ್ತಲ್ಲ, ಅದೇ ಜಾಡು ಹಿಡಿದಿದ್ದೇನೆ. ಯುದ್ಧದಲ್ಲಿ ದೊರೆಗೆ ಬಿಳಿಯ ಕೊಡೆ ಹಿಡಿದವನ ವಂಶದವರು ಬೆಳ್ಗೊಡೆಯವರು. ಗಡಿಯ ಕಣಿವೆ ಕಾಯ್ದವರು ಕಣಿವೆಬಾಗಿಲವರು. ಹೊನ್ನೊರೆಯವರು ಮಾತ್ರ ಹೆಸರಿಗಷ್ಟೇ ದೊಡ್ಡವರು. ಅವರ ಚಿನ್ನದ ಒರೆಯೊಳಗೆ ಕತ್ತಿಯೇ ಇಲ್ಲ. ಇದನ್ನು ಓದಿ ನಿನಗೆ ನಗು ಬರಬಹುದು.

ನಾನು ಕೆಲಸಕ್ಕೆ ಅರ್ಜಿ ಹಾಕಿದ್ದ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿಗೆ ನಿನ್ನೆ ಫೋನ್ ಮಾಡಿದ್ದೆ. "ನಿಮಗೆ ಕೆಲಸ ಬೇಡ ಅಂತ ನಿಮ್ಮಣ್ಣ ಹೇಳಿದ್ರಲ್ಲಮ್ಮ" ಎಂದರು. ಬೇಕು ಎಂದೆ. ಸೋಮವಾರ ಬರಲು ಹೇಳಿದ್ದಾರೆ.

ಪ್ರತಿ ಪುಸ್ತಕ ಶುರುವಾದಾಗಲೂ ನೀನು "ಇದೊಂದು ಮುಗೀಲಿ, ಆಮೇಲೆ ನೀನುಂಟು ನಿನ್ನ ದಾರಿ ಉಂಟು" ಅನ್ನುತ್ತಿದ್ದೆ. ನಾನೂ ತಲೆಯಾಡಿಸುತ್ತಿದ್ದೆ. ಈಗ ಆ ರಾಜ್ಯದ ಬೀದಿಬೀದಿಯೂ ನನಗೆ ಗೊತ್ತು. ನಮ್ಮ ಎದುರುಮನೆಗೆ ಯಾರು ಬಂದಿದ್ದಾರೆಂದು ಮಾತ್ರ ಗೊತ್ತಿಲ್ಲ.

ಫೋನ್ ಕೊಟ್ಟರೆಂದು ಅತ್ತಿಗೆಯ ಮೇಲೆ ರೇಗಬೇಡ. ಕೊಡುವಾಗ ಅವರು ಎರಡು ಸಲ ಮೆಟ್ಟಿಲ ಕಡೆ ತಿರುಗಿ ನೋಡಿದರು. ನನ್ನ ಪದವಿ ಪತ್ರಗಳು ನಿನ್ನ ಬೀರುವಿನಲ್ಲಿವೆ, ಅತ್ತಿಗೆಯ ಕೈಗೆ ಕೊಟ್ಟರೆ ಸಾಕು. ಉಳಿದ ಮನೆತನಗಳ ವಂಶಾವಳಿಯನ್ನು ಕೆಲಸದಿಂದ ಬಂದ ಮೇಲೆ ಬರೆದುಕೊಡುತ್ತೇನೆ.

ನನ್ನ ಬರವಣಿಗೆಗೆ ಯಾರೂ ಅಡ್ಡಿ ಮಾಡದಿರಲಿ ಎಂದೇ ನೀನು ಈ ಮಹಡಿಯ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತೀಯ ಅಂತ ಹೇಳುತ್ತೀಯಲ್ಲ. ಸೋಮವಾರ ಒಂದು ದಿನ ಹಾಕಬೇಡ.

ಇಂತಿ,
ಮಹಡಿಯ ಮೇಲಿರುವ
ನಿನ್ನ ತಂಗಿ