ಹೆಸರಿಗಷ್ಟೇ ಗಂಗೆ

ಸೋಮವಾರ, ಮಾರ್ಚ್ 9

ತಲೆ ಕೆಟ್ಟುಹೋಗಿದೆ. ಕೆರೆಯಲ್ಲಿ ಅಂತರಗಂಗೆ ಕಳೆ ಕಿತ್ತು ದಂಡೆಗೆ ಎಸೆದು ತುಳಿಯುತ್ತಿದ್ದೆ. ಅಜ್ಜಿ ಅದಕ್ಕೆ ಕೈ ಮುಗಿದು ನನ್ನನ್ನು ಬೈದಳು.

"ಹೆಸರಿನಾಗ ಗಂಗವ್ವ ಅದಾಳ, ಕಾಲಿಲೆ ತುಳಿತೀಯೇನಲೇ?"

ಆ ಹೆಸರಿಟ್ಟವನು ಸಿಕ್ಕರೆ ಅವನನ್ನೇ ತುಳಿಯುತ್ತಿದ್ದೆ. ಎಲ್ಲಿಂದಲೋ ಬಂದು ನೀರಿನ ಮೇಲೆ ಹರಡಿ ಬಿಸಿಲನ್ನೆಲ್ಲ ತಾನೇ ನುಂಗುವ ಕಳೆ ಅದು. ಕೆಳಗೆ ಮೊದಲಿಂದ ಇದ್ದ ನೀರುಹುಲ್ಲು ಕತ್ತಲಲ್ಲಿ ಸಾಯುತ್ತಿದೆ. ಆ ಹುಲ್ಲು ಹೋದರೆ ನಾನು ಬಿಟ್ಟ ಮೀನುಮರಿ ಎಲ್ಲಿ ಅಡಗಬೇಕು?

ಆದರೆ ಮೊನ್ನೆ ಕಳೆ ಕಿತ್ತ ಜಾಗದಲ್ಲಿ ಹುಲ್ಲು ಇವತ್ತು ಬೆಳ್ಳಗಾಗಿದೆ! ಯರಗೇರಾದ ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರ ಓದುವ ಸ್ವಪ್ನಕ್ಕನಿಗೆ ಫೋನ್ ಮಾಡಿದೆ.

"ಲೇ ಹಾಲೇಶ, ಆ ಹುಲ್ಲಿಗೆ ಮಬ್ಬು ಬೆಳಕ ಸಾಕು. ಒಮ್ಮೆಲೇ ಬಿಸಲು ಬಿದ್ರ ಸುಡ್ತದ. ಅಂತರಗಂಗಿಗೆ ಎಷ್ಟು ಬಿಸಲಿದ್ರೂ ಬೇಕು."

"ಹಂಗಾರ ಕೀಳಬ್ಯಾಡೇನು?"

"ಕೀಳು, ಸ್ವಲ್ಪ ಸ್ವಲ್ಪ ಕೀಳು. ನಿನಗ ಎಲ್ಲದಕ್ಕೂ ಅವಸರ."

ಬೆಳಕಿಲ್ಲದಿದ್ದರೆ ಸಾಯುತ್ತದೆ, ಕೊಟ್ಟರೆ ಸುಡುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದನ್ನು ಯಾರು ಹೇಳಿದ್ದರು?

ಸಂಜೆ ನೋಡಿದರೆ ಅಜ್ಜಿ ಒಂದು ಬುಟ್ಟಿ ಕಳೆಗೆ ಕುಂಕುಮ ಹಚ್ಚಿ ಅದೇ ಜಾಗಕ್ಕೆ ವಾಪಸ್ ಬಿಟ್ಟಿದ್ದಾಳೆ. ಬೈಯಲು ಬಾಯಿ ತೆರೆದವನು ಬಗ್ಗಿ ಹುಲ್ಲು ನೋಡಿದೆ. ಸುಟ್ಟ ಹುಲ್ಲಿಗೆ ಈಗ ಆ ನೆರಳೇ ಬೇಕೇನೋ. ಬಿಟ್ಟರೆ ಮತ್ತೆ ಕೆರೆಯೆಲ್ಲ ಹಬ್ಬುತ್ತದೆ, ತೆಗೆದರೆ ಹುಲ್ಲು ಮತ್ತೆ ಸುಡುತ್ತದೆ. ನಾಳೆಯಿಂದ ದಿನಕ್ಕೆ ಒಂದೇ ಬುಟ್ಟಿ ಕೀಳುತ್ತೇನೆ, ಅಜ್ಜಿ ಕುಂಕುಮ ಹಚ್ಚಿದ್ದನ್ನು ಕೊನೆಗೆ.