ಕುದುರೆ ತುಳಿದ ಬಕೆಟ್

ನೆಡುಂತೀವು ದ್ವೀಪ, ಆಡಿ ಮಾಸ

ತಂಗಿ ಸೆಲ್ಲಮ್ಮನಿಗೆ ಅಣ್ಣನ ಆಶೀರ್ವಾದ.

ಮಂಡಿಯನ್ನು ಡಾಕ್ಟರಿಗೆ ತೋರಿಸಲು ಯಾಳ್ಪಾಣ ಪಟ್ಟಣಕ್ಕೆ ಬಾ ಎಂದು ಪದೇಪದೇ ಬರೆಯುತ್ತೀಯ. ಈಗ ಆಗುವುದಿಲ್ಲ. ದ್ವೀಪದ ಕೊಳಗಳೆಲ್ಲ ಒಣಗಿ ಕಾಡುಕುದುರೆಗಳು ನನ್ನ ಬಾವಿಯ ಬಳಿ ಬಂದು ನಿಲ್ಲುತ್ತಿವೆ. ಸೇದಿ ಸೇದಿ ಸಾಕಾಗಿದೆ. ನಿನ್ನೆ ಒಂದು ಮರಿ ಬಿಸಿಲಲ್ಲಿ ಬಿದ್ದುಬಿಟ್ಟಿತು. ತಾಯಿ ನೀರಿನ ತೊಟ್ಟಿಗೂ ಬಾರದೆ, ತನ್ನ ನೆರಳು ಮರಿಯ ಮೇಲೆ ಬೀಳುವಂತೆ ಮಧ್ಯಾಹ್ನವೆಲ್ಲ ನಿಂತೇ ಇತ್ತು. ಈ ಕುದುರೆಗಳನ್ನು ಮುಟ್ಟಿದರೆ ಸರ್ಕಾರದವರು ಕೇಸು ಹಾಕುತ್ತಾರೆ. ಅದಕ್ಕೆ ನೀರಿನ ಬಕೆಟ್ಟನ್ನು ಕೋಲಿನಿಂದ ತಾಯಿಯ ಮುಂದೆ ತಳ್ಳಿದೆ.

ಪಕ್ಕದ ಮನೆಯ ಅರುಳಪ್ಪು ಗೋಡೆಯಾಚೆ ನಕ್ಕ. "ಅಣ್ಣೇ, ಸರ್ಕಾರದ ಕುದುರೆಗೆ ನೀರು ಸೇದಿದ್ರೆ ನಿನಗೇನು ಪೆನ್ಶನ್ ಕೊಡ್ತಾರಾ?"

"ಹಲ್ಲು ಕಿಸೀಬೇಡ, ಬಂದು ಹಗ್ಗ ಹಿಡಿ!"

ಗೊಣಗುತ್ತಲೇ ಬಂದು ಹಿಡಿದ. ತಾಯಿ ಕುಡಿಯಿತು. ಹೊತ್ತು ಇಳಿದ ಮೇಲೆ ಮರಿಯೂ ಎದ್ದು ಹಾಲಿಗೆ ಬಾಯಿ ಹಾಕಿತು. ಹೋಗುವಾಗ ತಾಯಿ, ಆ ಹಾಳು ಮುಂಡೇದು, ಬಕೆಟ್ಟಿನೊಳಗೇ ಕಾಲಿಟ್ಟು ಅದನ್ನು ಒಡೆದುಹಾಕಿತು.

ಮಂಡಿ ಊದಿದೆ, ಸಾಯುವಂಥದ್ದಲ್ಲ. ಮಳೆ ಬಿದ್ದ ಮೇಲೆ ಬರುತ್ತೇನೆ. ಮುಂದಿನ ದೋಣಿಗೆ ನೋವಿನ ಎಣ್ಣೆ ಬೇಡ, ಬಕೆಟ್ ಕಳಿಸು. ಎರಡು ಕಳಿಸು. ಇವತ್ತು ಅರುಳಪ್ಪು ನನಗಿಂತ ಮೊದಲೇ ಬಂದು ಬಾವಿಕಟ್ಟೆಯ ಮೇಲೆ ಕೂತಿದ್ದಾನೆ.

ಅಣ್ಣ ಕಂದವನಂ