ಕುಸ್ಕೊ ಕಡೆಯ ಮಾತು

ಮಾನ್ಯ ನ್ಯಾಯಾಧೀಶರಿಗೆ,

ಸಿಪಾಯಿಗಳು ಹಳ್ಳಿಗರನ್ನು ಕೊಂದ ಅಯಾಕುಚೊ ಮೊಕದ್ದಮೆಯ ಕೆಚುವಾ ಭಾಷೆಯ ದುಭಾಷಿ ಕೆಲಸದಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ನಿನ್ನೆ ಸಾಕ್ಷಿ ಫೌಸ್ತಿನಾ ಅಜ್ಜಿ ನನ್ನ ಮೊದಲ ಪ್ರಶ್ನೆ ಕೇಳಿದ್ದೇ ಕುರ್ಚಿ ಹಿಂದಕ್ಕೆ ಸರಿಸಿ ಹೇಳಿದರು: "ನೀನೂ ಕುಸ್ಕೊ ಕಡೆಯೋಳಾ ಮಗಳೇ? ಮುಸುಕು ಹಾಕಿದ್ದ ಸಿಪಾಯೀನೂ ಹಿಂಗೇ ಗಂಟಲಲ್ಲಿ ಸಿಡಿಸ್ಕೊಂಡು ಮಾತಾಡ್ತಿದ್ದ. ನನ್ನ ಕೈಯಿಂದ ಮೆಕ್ಕೆಜೋಳದ ಹೆಂಡ ಇಸ್ಕೊಂಡ, ಮೊದಲ ಗುಟುಕು ಭೂತಾಯಿಗೆ ಚೆಲ್ಲಿ ಕುಡಿದ. ಆಮೇಲೆ 'ಆ ಕಡೆ ತಿರುಗವ್ವಾ' ಅಂದು ನನ್ನ ಇಬ್ಬರು ಮಕ್ಕಳ ತಲೆಗೂ ಗುಂಡು ಹೊಡೆದ."

ಇದನ್ನು ನ್ಯಾಯಾಲಯಕ್ಕೆ ಸ್ಪ್ಯಾನಿಷಿನಲ್ಲಿ ಸರಿಯಾಗಿಯೇ ಹೇಳಿದ್ದೇನೆ, ದಾಖಲೆ ತಿದ್ದಬೇಕಿಲ್ಲ.

ನಾನು ಕುಸ್ಕೊ ಕಡೆಯವಳೇ; ನನ್ನ ತಂದೆ ಆ ಕೊಲೆಗಳಾದ ವರ್ಷ ಅಯಾಕುಚೊದಲ್ಲಿಯೇ ಸಿಪಾಯಿಯಾಗಿದ್ದರು. ನಮ್ಮಲ್ಲಿ ಕುಡಿಯುವ ಮುನ್ನ ಎಲ್ಲರೂ ಭೂತಾಯಿಗೆ ಗುಟುಕು ಚೆಲ್ಲುತ್ತಾರೆ; ಅವರು ಮರಳಿದ ಮೇಲೆ ಒಮ್ಮೆಯೂ ಚೆಲ್ಲಿಲ್ಲ. "ಭೂತಾಯಿ ಮೇಲೇನ್ರೀ ಕೋಪ?" ಎಂದು ಅಮ್ಮ ಚುಚ್ಚಿದರೆ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ.

ಅಜ್ಜಿಗೆ ಅವರದೇ ಕಡೆಯ ಮಾತಿನ ದುಭಾಷಿಯನ್ನು ಕೊಡಿ. ನನ್ನನ್ನು ಸಾಕ್ಷಿಯಾಗಿ ಕರೆಯಿರಿ.

ಇತಿ,
ನಿಲ್ಡಾ ಹುವಾಲ್ಪಾ